ಟ್ವಿಸ್ಟ್ ಗೊತ್ತಾದ ಮೇಲೆ ಹಳೇ ಪುಟಗಳಲ್ಲಿ ಏನು ಹುಡುಕಬೇಕು?

ಓದುಗರ ಪ್ರಶ್ನೆ: ವರ್ಷಗಟ್ಟಲೆ ಒಂದು ಫ್ಯಾಂಟಸಿ ವೆಬ್‌ಕಾಮಿಕ್ ಓದಿದೆ. ದೊಡ್ಡ ಟ್ವಿಸ್ಟ್ ಬಂತು, ತಲೆ ತಿರುಗಿತು. ಈಗ ಮೊದಲಿಂದ ಮತ್ತೆ ಓದುತ್ತಿದ್ದೇನೆ. ಆದರೆ ಈಗ ಪ್ರತಿ ಮಾತೂ ಸುಳಿವಿನ ಹಾಗೇ ಕಾಣುತ್ತಿದೆ. ಬರೆದವರು ಬೇಕಂತಲೇ ಇಟ್ಟದ್ದು ಯಾವುದು, ನಾನೇ ಊಹಿಸಿಕೊಂಡದ್ದು ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ಹೀಗೆ ಓದುವಾಗ ನಾವೆಲ್ಲ ಮಾಡುವ ಒಂದು ತಪ್ಪಿದೆ. ಸುಳಿವು ಅಂದರೆ ಎಲ್ಲೋ ಮೂಲೆಯಲ್ಲಿ, ಹಿನ್ನೆಲೆಯ ಗೋಡೆ ಮೇಲೆ, ಸಣ್ಣ ಅಕ್ಷರದಲ್ಲಿ ಬಚ್ಚಿಟ್ಟಿರುವಂಥದ್ದು ಅಂದುಕೊಳ್ಳುತ್ತೇವೆ. ಒಳ್ಳೆಯ ಸುಳಿವು ಹಾಗೆ ಅಡಗಿ ಕೂತಿರುವುದಿಲ್ಲ. ನಮ್ಮ ಎದುರಿಗೇ ಇರುತ್ತದೆ. ಮೊದಲ ಸಲ ನಾವು ಅದನ್ನು ಓದಿಯೇ ಇರುತ್ತೇವೆ, ಆದರೆ ಬೇರೆ ಏನೋ ಅಂತ ತಿಳಿದು ಮುಂದೆ ಹೋಗಿರುತ್ತೇವೆ. ಹಾಗಾಗಿ ಪ್ರತಿ ಪುಟದಲ್ಲೂ ‘ಇಲ್ಲಿ ಏನು ಅಡಗಿದೆ?’ ಅಂತ ಕೇಳಬೇಡಿ. ‘ಮೊದಲ ಸಲ ಇದನ್ನು ನಾನು ಏನಂತ ಓದಿದ್ದೆ?’ ಅಂತ ಕೇಳಿ.

ನಾನು ಮೂರು ಸಲ ಓದಿರುವ ಒಂದು ಕಾಮಿಕ್ಕನ್ನೇ ಇಟ್ಟುಕೊಂಡು ಹೇಳುತ್ತೇನೆ: ರಿಚ್ ಬರ್ಲ್ಯೂ ಅವರ ‘ದಿ ಆರ್ಡರ್ ಆಫ್ ದಿ ಸ್ಟಿಕ್’. ನೀವು ಇನ್ನೂ ಓದಿಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ಮುಂದೆ ಗುಟ್ಟೆಲ್ಲ ಬಯಲಾಗುತ್ತದೆ. 2003ರಲ್ಲಿ ಶುರುವಾದದ್ದು, ಕಡ್ಡಿಯಂಥ ಕೈಕಾಲಿನ ಮನುಷ್ಯರು, ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಲೋಕ. ಮೊದಲ ಸ್ಟ್ರಿಪ್ಪಿನ ಜೋಕೇ ಆಟದ ನಿಯಮಗಳು 3.5ನೇ ಆವೃತ್ತಿಗೆ ಬದಲಾದದ್ದರ ಬಗ್ಗೆ. ಈಗ ಸ್ಟ್ರಿಪ್ಪುಗಳ ಸಂಖ್ಯೆ 1300 ದಾಟಿದೆ.

ಸುಮಾರು 330ನೇ ಸ್ಟ್ರಿಪ್ಪಿನ ಹತ್ತಿರ ಕಥೆಯ ಸಾಹಸಿ ತಂಡದವರೆಲ್ಲ ಒಬ್ಬ ಒರಾಕಲ್, ಅಂದರೆ ಭವಿಷ್ಯ ಹೇಳುವವನ ಹತ್ತಿರ ಹೋಗುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ. ಡರ್ಕನ್ ಅನ್ನುವವನು ಕುಳ್ಳರ ಜನಾಂಗದ ಪೂಜಾರಿ, ವರ್ಷಗಳ ಹಿಂದೆ ಊರು ಬಿಟ್ಟು ಬಂದವನು. ಅವನು ಕೇಳುವುದು ಇಷ್ಟೇ: ನಾನು ಊರಿಗೆ ಹೇಗೆ ವಾಪಸ್ ಹೋಗುತ್ತೇನೆ? ಒರಾಕಲ್ ಕೊಡುವ ಉತ್ತರ ಒಂದೇ ಪದ. ಕನ್ನಡದಲ್ಲಿ ಹೇಳುವುದಾದರೆ, ‘ಸತ್ತ ಮೇಲೆ.’

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಸಾವಿನ ಸುದ್ದಿ ಕೇಳಿದವನು ಅಳಬೇಕಲ್ವಾ? ಡರ್ಕನ್ ಖುಷಿಪಡುತ್ತಾನೆ! ಕೊನೆಗೂ ನನ್ನ ಮೂಳೆಗಳು ಹಿರಿಯರ ಪಕ್ಕದಲ್ಲಿ ಮಲಗುತ್ತವೆ ಅಂತ ಅವನಿಗೆ ಸಮಾಧಾನ. ಮೊದಲ ಸಲ ಓದುವಾಗ ನನಗೂ ಕಣ್ಣು ಒದ್ದೆಯಾಯಿತು. ಪಾಪ, ಎಂಥ ಊರ ಪ್ರೀತಿ ಅಂದುಕೊಂಡು ಪುಟ ತಿರುಗಿಸಿದೆ. ಆ ಪದದಲ್ಲಿ ‘ಹೆಣವಾಗಿ’ ಅಂತ ಇಲ್ಲ, ‘ಹೂಳುವುದಕ್ಕೆ’ ಅಂತಲೂ ಇಲ್ಲ. ಅವೆರಡನ್ನೂ ಡರ್ಕನ್ ಸೇರಿಸಿಕೊಂಡ, ಅವನ ಜೊತೆ ನಾನೂ ಸೇರಿಸಿಕೊಂಡೆ.

ಮುಂದೆ ಮಾಲ್ಯಾಕ್ ಎಂಬ ರಕ್ತಪಿಶಾಚಿ ಡರ್ಕನ್‌ನನ್ನು ಕೊಂದು, ತನ್ನ ಹಾಗೇ ಮಾಡುತ್ತಾನೆ. ಡರ್ಕನ್ ಎದ್ದು ಓಡಾಡುತ್ತಾನೆ, ತಂಡಕ್ಕೆ ವಾಪಸ್ ಬರುತ್ತಾನೆ, ಸಹಾಯ ಮಾಡುತ್ತಾನೆ. ಐದನೇ ಪುಸ್ತಕದ ಕೊನೆಗೆ ಬಾಂಬ್ ಬೀಳುತ್ತದೆ. ಆ ದೇಹದೊಳಗೆ ಮಾತಾಡುತ್ತಿರುವುದು ಡರ್ಕನ್ ಅಲ್ಲವೇ ಅಲ್ಲ. ಅದು ಹೆಲ್ ಎಂಬ ದೇವತೆಯ ಸೇವಕ. ನಿಜವಾದ ಡರ್ಕನ್ ತನ್ನ ತಲೆಯೊಳಗೇ ಸೆರೆಯಾಗಿದ್ದಾನೆ. ಇನ್ನು ಅವನು ಊರಿಗೆ ಹೋಗುವುದು ನಡೆದುಕೊಂಡೇ. ಸತ್ತ ಮೇಲೆ.

2005ರಲ್ಲಿ ಬಂದ, ಇವರೆಲ್ಲರ ಹಿಂದಿನ ಕಥೆ ಹೇಳುವ ‘ಆನ್ ದಿ ಒರಿಜಿನ್ ಆಫ್ ಪಿಸೀಸ್’ ಪುಸ್ತಕದಲ್ಲಿ ಇದರ ಇನ್ನೊಂದು ತುದಿ ಇದೆ. ಡರ್ಕನ್ ಮತ್ತೆ ಊರಿಗೆ ಬಂದಾಗ ಸಾವು ನೋವು ತರುತ್ತಾನೆ ಅನ್ನುವ ಭವಿಷ್ಯ ಕೇಳಿ ಹೆದರಿದ ಹಿರಿಯ ಪೂಜಾರಿ, ಕಾರಣವನ್ನೇ ಹೇಳದೆ ಅವನನ್ನು ಊರಿಂದ ಕಳಿಸಿಬಿಡುತ್ತಾನೆ. ಎರಡೂ ಮಾತು ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದು ‘ಹೇಗೆ’ ಅಂತ ಹೇಳುತ್ತದೆ, ಇನ್ನೊಂದು ‘ಹೋದರೆ ಏನಾಗುತ್ತದೆ’ ಅಂತ. ಹೀಗೆ ಬೇರೆ ಬೇರೆ ಕಡೆ ಇಟ್ಟ ಎರಡು ಮಾತು ಒಂದೇ ಘಟನೆಯಲ್ಲಿ ಬಂದು ಸೇರಿದರೆ ಅದು ನಿಮ್ಮ ಊಹೆ ಅಲ್ಲ, ಖಂಡಿತ ಬೇಕಂತಲೇ ಇಟ್ಟದ್ದು.

ನಮಗೆ ಈ ಕಿವಿ ಹೊಸದೇನಲ್ಲ. ಹಿರಣ್ಯಕಶಿಪುವಿನ ವರ ಕೇಳಿ ಬೆಳೆದವರು ನಾವು. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ ಅಂದ ತಕ್ಷಣ ಹೊಸ್ತಿಲು, ಮುಸ್ಸಂಜೆ ಎರಡೂ ನೆನಪಾಗುತ್ತವೆ. ಅದೇ ಕಿವಿಯನ್ನು ಇಲ್ಲೂ ಇಟ್ಟುಕೊಂಡು ಓದಿ.

ಅದೇ ಒರಾಕಲ್ ಮಾಂತ್ರಿಕ ವಾರ್ಸುವಿಯಸ್‌ಗೂ ಒಂದು ಮಾತು ಹೇಳುತ್ತದೆ. (ವಾರ್ಸುವಿಯಸ್ ಹೆಣ್ಣೋ ಗಂಡೋ ಅಂತ ಕಾಮಿಕ್ ಎಲ್ಲೂ ಹೇಳುವುದಿಲ್ಲ. ಕನ್ನಡದ ಕ್ರಿಯಾಪದ ಅದನ್ನು ಕೇಳದೆ ಬಿಡುವುದಿಲ್ಲ, ಅದಕ್ಕೇ ನಾನು ‘ಅವರು’ ಅನ್ನುತ್ತೇನೆ.) ಅವರಿಗೆ ಮಹಾಶಕ್ತಿ ಸಿಗುವುದು ಸರಿಯಾದ ಸಮಯಕ್ಕೆ, ಸರಿಯಾದ ಜೀವಿಗೆ, ಸರಿಯಾದ ನಾಲ್ಕು ಪದ ಹೇಳಿದಾಗ, ಆದರೆ ಪೂರ್ತಿ ತಪ್ಪು ಕಾರಣಗಳಿಗಾಗಿ. ನಾಲ್ಕು ಪದ ಅಂದ ಕೂಡಲೇ ಏನೋ ದೊಡ್ಡ ಮಂತ್ರ ಅಂತ ಕಾದಿದ್ದೆ. ಸುಮಾರು 300 ಸ್ಟ್ರಿಪ್ ಆದ ಮೇಲೆ, ಸೇಡಿಗೆ ಬಂದ ಕಪ್ಪು ಡ್ರ್ಯಾಗನ್ ಒಂದು ಅವರ ಮಕ್ಕಳನ್ನು ಕೊಲ್ಲಲು ಹೊರಟಿರುವಾಗ, ನರಕದ ಮೂವರು ಬಂದು ವ್ಯಾಪಾರ ಕುದುರಿಸುತ್ತಾರೆ. ಆಗ ವಾರ್ಸುವಿಯಸ್ ಬಾಯಿಂದ ಬರುವುದು ‘ನಾನು... ನಾನು ಗೆಲ್ಲಲೇಬೇಕು.’ ಕನ್ನಡದಲ್ಲಿ ಮೂರೇ ಪದ, ಇಂಗ್ಲಿಷಿನಲ್ಲಿ ಸರಿಯಾಗಿ ನಾಲ್ಕು. ಅದೂ ಹೇಗೆ? ‘ನಾನು’ ಎರಡು ಸಲ ಬಂದಿರುವುದರಿಂದ. ತಡವರಿಸಿದ್ದೂ ಒಂದು ಪದ! ನಾನು ಎರಡನೇ ಸಲ ಓದುವಾಗ ಬೆರಳು ಮಡಚಿ ಎಣಿಸಿದ್ದೇನೆ.

ಆ ಶಕ್ತಿಯಿಂದ ಅವರು ಮಾಡುವ ಮಂತ್ರ ಡ್ರ್ಯಾಗನ್ನಿನ ರಕ್ತ ಹಂಚಿಕೊಂಡ ಎಲ್ಲರನ್ನೂ ಒಂದೇ ಏಟಿಗೆ ಕೊಲ್ಲುತ್ತದೆ. ‘ಎಲ್ಲರನ್ನೂ’ ಅಂದರೆ ನಾವು ಡ್ರ್ಯಾಗನ್‌ಗಳು ಅಂತ ಓದಿದೆವು. ಸುಮಾರು ಇನ್ನೂರು ಸ್ಟ್ರಿಪ್ ಕಳೆದ ಮೇಲೆ ಡ್ರೇಕ್‌ಟೂತ್ ಅನ್ನುವ ಮನುಷ್ಯರ ಕುಟುಂಬ ಇಡಿಯಾಗಿ ಸತ್ತು ಬಿದ್ದಿರುವುದು ಕಾಣುತ್ತದೆ. ಅವರ ವಂಶಕ್ಕೂ ಆ ರಕ್ತ ಸೇರಿತ್ತು. ಅದು ತಿಳಿದ ಗಳಿಗೆಯಲ್ಲಿ ವಾರ್ಸುವಿಯಸ್ ಮುಖ ನೋಡಲಾಗುವುದಿಲ್ಲ.

ಇಲ್ಲಿ ನಿಮ್ಮ ಪ್ರಶ್ನೆ ನಿಜಕ್ಕೂ ಕಷ್ಟವಾಗುತ್ತದೆ. ಡ್ರೇಕ್‌ಟೂತ್ ಅಂದರೆ ಡ್ರ್ಯಾಗನ್ ಹಲ್ಲು. ಹೆಸರು ಮೊದಲೇ ಬಂದಿತ್ತು. ಹಾಗಾದರೆ ಅದು ಸುಳಿವೇ? ನಾನು ಹೆಸರೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫ್ಯಾಂಟಸಿಯಲ್ಲಿ ಅರ್ಧ ಜನರ ಹೆಸರು ಹೀಗೇ ಇರುತ್ತದೆ. ಹಳೇ ಹೆಸರೊಂದು ಮುಂದೆ ಉಪಯೋಗಕ್ಕೆ ಬಂತು ಅಂತಲೂ ಆಗಿರಬಹುದು, ವರ್ಷಗಟ್ಟಲೆ ಬರೆಯುವವರು ಹಾಗೆ ಮಾಡುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ಮಂತ್ರದ ನಿಯಮವನ್ನು. ಅದನ್ನು ತೆಗೆದುಬಿಟ್ಟರೆ ಮುಂದಿನ ಘಟನೆ ನಡೆಯುವುದೇ ಇಲ್ಲ. ಹೆಸರು ತೆಗೆದರೆ ಕಥೆಗೆ ಏನೂ ಆಗುವುದಿಲ್ಲ. ಅನುಮಾನ ಬಂದಾಗೆಲ್ಲ ನಾನು ಹೀಗೇ ಒರೆ ಹಚ್ಚಿ ನೋಡುವುದು.

ಇನ್ನೊಂದು ಕಡೆ ಕಣ್ಣಿಡಿ: ಯಾರ ಮಾತನ್ನು ನೀವು ಸುಮ್ನೆ ತಳ್ಳಿಹಾಕಿದಿರಿ? ರಕ್ತಪಿಶಾಚಿಯಾಗಿ ಬಂದ ಡರ್ಕನ್ ಮೇಲೆ ಮೊದಲಿಂದಲೂ ಅನುಮಾನ ಪಟ್ಟವನು ಬೆಲ್ಕರ್. ತಂಡದಲ್ಲೇ ಅತಿ ಕ್ರೂರಿ, ಯಾರಿಗೂ ಮರ್ಯಾದೆ ಕೊಡದವನು. ಅವನ ಮಾತಿಗೆ ನಾಯಕ ರಾಯ್ ಕಿವಿಗೊಡಲಿಲ್ಲ, ಹಳೇ ಗೆಳೆಯನನ್ನೇ ನಂಬಿದ. ನಾನೂ ರಾಯ್ ಕಡೆಗೇ ಇದ್ದೆ. ಸರಿಯಾದ ಮಾತನ್ನು ಯಾರೂ ನಂಬದವನ ಬಾಯಲ್ಲಿ ಇಡುವುದಿದೆಯಲ್ಲ, ಸುಳಿವು ಇಡುವ ರೀತಿಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಅದು. ಎರಡನೇ ಸಲ ಓದುವಾಗ ಬೆಲ್ಕರ್ ಮೇಲೆ ನನಗೆ ಬಂದ ಪ್ರೀತಿ ಮೊದಲ ಸಲ ಬಂದಿರಲಿಲ್ಲ.

ಓದುವ ವೇಗದ ಬಗ್ಗೆ ಒಂದು ಮಾತು. ಬಂದ ಹಾಗೆ ಒಂದೊಂದೇ ಸ್ಟ್ರಿಪ್ ಓದುವಾಗ ಒರಾಕಲ್ ಮಾತು ಮರೆತೇ ಹೋಗಿರುತ್ತದೆ. ಪುಸ್ತಕದಲ್ಲಿ ಎರಡು ದಿನ ಕೂತು ಓದಿದರೆ ಎಳೆಗಳು ತಾವೇ ಕೈಗೆ ಸಿಗುತ್ತವೆ. 2012ರಲ್ಲಿ ಈ ಕಾಮಿಕ್ಕಿನ ಹಳೇ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಲು, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಓದುಗರು 12.5 ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟರು. ಮತ್ತೆ ಓದುವ ಆಸೆ ನಮ್ಮಿಬ್ಬರಿಗೆ ಮಾತ್ರ ಇರುವುದಲ್ಲ, ನೋಡಿ.

ಈ ಕಥೆ ಇನ್ನೂ ಮುಗಿದಿಲ್ಲ. ಬೆಲ್ಕರ್ ಕಥೆಯೊಳಗಿನ ಆ ವರ್ಷ ಮುಗಿಯುವುದರೊಳಗೆ ಕೊನೆಯುಸಿರು ಎಳೆಯುತ್ತಾನೆ, ಮತ್ತೆ ಎಂದೂ ಇಲ್ಲ ಅಂತ ಒರಾಕಲ್ ಹೇಳಿದೆ. ಇದು ಸುಖಾಂತ್ಯವೇ ಅಂತ ಹಾಡುಗಾರ ಇಲಾನ್ ಕೇಳಿದ್ದಕ್ಕೆ ‘ಹೌದು, ನಿನಗಂತೂ’ ಅಂದಿದೆ. ಎರಡನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಪಕ್ಕದಲ್ಲಿ ಈಗ ನಾನು ಅದನ್ನು ಏನಂತ ಓದುತ್ತಿದ್ದೇನೆ ಅಂತಲೂ ತಾರೀಖು ಹಾಕಿ ಬರೆದಿದ್ದೇನೆ. ನೀವು ಓದುತ್ತಿರುವ ಕಾಮಿಕ್ ಕೂಡ ಇನ್ನೂ ನಡೆಯುತ್ತಿದ್ದರೆ ಇವತ್ತೇ ಹಾಗೆ ಬರೆದಿಡಿ, ಮುಂದಿನ ಟ್ವಿಸ್ಟ್ ಬರುವ ಮುಂಚೆ.