ಮೂವರು ಕುಮಾರಸ್ವಾಮಿಗಳು ಮತ್ತು ನನ್ನ ನೋಟ್‌ಬುಕ್ಕಿನ ಒಂದು ಸಾಲು

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕುಳಿತ ಹೊಸದರಲ್ಲಿ, ಹಾಸನದ ಓದುಕೋಣೆಯೊಂದರಲ್ಲಿ ಪತ್ರಿಕೆ ನೋಡಿ ಬರೆದುಕೊಂಡ ನನ್ನ ಟಿಪ್ಪಣಿಯಲ್ಲಿ ಒಂದು ಸಾಲು ಹೀಗಿತ್ತು: “ಕುಮಾರಸ್ವಾಮಿ, ಜೆಡಿಎಸ್ ರಾಜ್ಯಾಧ್ಯಕ್ಷ, 2019.” ಎರಡು ತಿಂಗಳ ಬಳಿಕ ಅದನ್ನೇ ಓದಿಕೊಂಡು ಅಣಕು ಪರೀಕ್ಷೆಯಲ್ಲಿ ಎಚ್.ಡಿ. ಕುಮಾರಸ್ವಾಮಿ ಎಂದು ಗುರುತು ಹಾಕಿದೆ, ಅಂಕ ಹೋಯಿತು. ಆ ವರ್ಷದ ಜುಲೈನಲ್ಲಿ, ಅಡಗೂರು ಎಚ್. ವಿಶ್ವನಾಥ್ ರಾಜೀನಾಮೆಯಿಂದ ತೆರವಾದ ಸ್ಥಾನಕ್ಕೆ ಬಂದವರು ಸಕಲೇಶಪುರದ ಶಾಸಕರಾಗಿದ್ದ ಎಚ್.ಕೆ. ಕುಮಾರಸ್ವಾಮಿ. ನನ್ನ ಸಾಲಿನಲ್ಲಿದ್ದ ಮಾಹಿತಿಯಲ್ಲಿ ತಪ್ಪಿರಲಿಲ್ಲ, ಆದರೆ ಅದು ಯಾರ ಮಾಹಿತಿ ಎಂಬುದೇ ಅದರಲ್ಲಿರಲಿಲ್ಲ. ಅಂದಿನಿಂದ ಒಂದೇ ಹೆಸರಿನವರಿಗಾಗಿ ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ಮೀಸಲಿಟ್ಟಿದ್ದೇನೆ. ಜೊತೆಗೆ ಓದುತ್ತಿರುವವರಿಗೆ ಉಪಯೋಗವಾದೀತೆಂದು ಅವುಗಳಲ್ಲಿ ಕೆಲವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕುಮಾರಸ್ವಾಮಿಗಳಿಂದಲೇ ಆರಂಭಿಸೋಣ. 2018ರಲ್ಲಿ ರಚನೆಯಾದ ವಿಧಾನಸಭೆಯಲ್ಲಿ ಈ ಹೆಸರಿನ ಮೂವರು ಒಟ್ಟಿಗಿದ್ದರು. ರಾಮನಗರ ಮತ್ತು ಚನ್ನಪಟ್ಟಣ ಎರಡರಲ್ಲೂ ಗೆದ್ದು, ರಾಮನಗರವನ್ನು ಬಿಟ್ಟುಕೊಟ್ಟು ಮುಖ್ಯಮಂತ್ರಿಯಾಗಿದ್ದವರು ಎಚ್.ಡಿ.; ಸಕಲೇಶಪುರದಿಂದ ಬಂದವರು ಎಚ್.ಕೆ.; ಪಕ್ಕದ ಮೂಡಿಗೆರೆಯಿಂದ ಬಿಜೆಪಿ ಶಾಸಕರಾಗಿ ಬಂದವರು ಎಂ.ಪಿ. ಸಕಲೇಶಪುರ ಮತ್ತು ಮೂಡಿಗೆರೆ ಬೇರೆ ಬೇರೆ ಜಿಲ್ಲೆಗಳಿಗೆ ಸೇರಿದರೂ ಒಂದಕ್ಕೊಂದು ಅಂಟಿಕೊಂಡಿರುವ ಮಲೆನಾಡಿನ ತಾಲ್ಲೂಕುಗಳು, ಮೇಲಾಗಿ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಹಾಗಾಗಿ ಎಚ್.ಕೆ. ಮತ್ತು ಎಂ.ಪಿ. ಅವರನ್ನು ಪಕ್ಷದಿಂದಲೇ ಗುರುತಿಸಿಕೊಳ್ಳುವುದು ಸುಲಭವೆಂದು ನಾನು ಭಾವಿಸಿದ್ದೆ. ಆ ಉಪಾಯವೂ ಹೆಚ್ಚು ಕಾಲ ಬಾಳಲಿಲ್ಲ. 2023ರ ಚುನಾವಣೆಯ ಹೊಸ್ತಿಲಲ್ಲಿ ಎಂ.ಪಿ. ಕುಮಾರಸ್ವಾಮಿ ಬಿಜೆಪಿ ತೊರೆದು ಜೆಡಿಎಸ್ ಸೇರಿದರು. ಮೂವರೂ ಒಂದೇ ಪಕ್ಷದ ಅಭ್ಯರ್ಥಿಗಳಾದರು. ಚನ್ನಪಟ್ಟಣದಲ್ಲಿ ಎಚ್.ಡಿ. ಗೆದ್ದರು, ಉಳಿದಿಬ್ಬರೂ ಸೋತರು. ಆದ್ದರಿಂದ ರಾಜಕಾರಣಿಯ ಹೆಸರಿನ ಮುಂದೆ ಪಕ್ಷವನ್ನು ಬರೆದುಕೊಳ್ಳುವವರು ಇಸವಿಯನ್ನೂ ಬರೆದುಕೊಳ್ಳಬೇಕು; ಕ್ಷೇತ್ರವನ್ನು ಬರೆದುಕೊಂಡರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಇನಿಷಿಯಲ್ ಎಂಬುದು ಬರಿಯ ಅಲಂಕಾರವಲ್ಲ. ಸಾಮಾನ್ಯವಾಗಿ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಮನೆಮನೆಗೂ ಒಬ್ಬ ರವಿ, ಒಬ್ಬ ಮಂಜು ಇರುವ ಸೀಮೆಯಲ್ಲಿ ಆಳನ್ನು ಗುರುತಿಸುವ ಕೆಲಸವನ್ನು ಈ ಎರಡು ಅಕ್ಷರಗಳೇ ಮಾಡುತ್ತವೆ. ಚಿಕ್ಕಮಗಳೂರಿನಿಂದ 2004ರಿಂದ ಸತತ ನಾಲ್ಕು ಬಾರಿ ಗೆದ್ದ ಸಿ.ಟಿ. ರವಿ ಅವರ ಪೂರ್ಣ ಹೆಸರು ಚಿಕ್ಕಮಾಗರವಳ್ಳಿ ತಿಮ್ಮೇಗೌಡ ರವಿ. ಆದರೆ ಅಕ್ಷರವನ್ನು ಬಿಡಿಸದೆ ನಂಬಿದರೆ ಅಲ್ಲಿಯೂ ಮೋಸಹೋಗುತ್ತೇವೆ. ಎಚ್.ಡಿ. ದೇವೇಗೌಡ ಎಂದರೆ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಅವರ ಮಗ ಎಚ್.ಡಿ. ಕುಮಾರಸ್ವಾಮಿ ಎಂದರೆ ಹರದನಹಳ್ಳಿ ದೇವೇಗೌಡ ಕುಮಾರಸ್ವಾಮಿ. ತಂದೆಗೂ ಮಗನಿಗೂ ‘ಎಚ್’ ಒಂದೇ, ‘ಡಿ’ ಬೇರೆ. ಸಿ.ಟಿ. ರವಿ ಅವರನ್ನು 2023ರಲ್ಲಿ ಸೋಲಿಸಿದವರು ಎಚ್.ಡಿ. ತಮ್ಮಯ್ಯ, ಅವರು ಹರದನಹಳ್ಳಿಯ ಮನೆತನದವರಲ್ಲ. ಸಚಿವರಾಗಿದ್ದ ಎಚ್.ಡಿ. ರೇವಣ್ಣ ಮತ್ತು ಎಚ್.ಎಂ. ರೇವಣ್ಣ ಅವರ ನಡುವೆ, ಹಾಗೆಯೇ ಎಚ್.ಡಿ. ದೇವೇಗೌಡ ಮತ್ತು ಮೈಸೂರಿನ ಜಿ.ಟಿ. ದೇವೇಗೌಡ ಅವರ ನಡುವೆ ಇರುವುದೂ ಇಂಥದೇ ಅಕ್ಷರದಂತರ.

ಇನಿಷಿಯಲ್ ಸಾಲದಾದಾಗ ಜನ ತಾವೇ ಅಡ್ಡಹೆಸರು ಇಟ್ಟುಬಿಡುತ್ತಾರೆ. 2023ರಲ್ಲಿ ಎಚ್.ಕೆ. ಕುಮಾರಸ್ವಾಮಿ ಅವರನ್ನು ಸಕಲೇಶಪುರದಲ್ಲಿ ಸೋಲಿಸಿದವರನ್ನು ಎಸ್. ಮಂಜುನಾಥ್ ಎಂದರೆ ಎಷ್ಟು ಜನ ಗುರುತಿಸುತ್ತಾರೋ, ‘ಸಿಮೆಂಟ್ ಮಂಜು’ ಎಂದರೆ ಜಿಲ್ಲೆಯೆಲ್ಲ ಗುರುತಿಸುತ್ತದೆ. ಅದೇ ಚುನಾವಣೆಯಲ್ಲಿ ಅರಕಲಗೂಡಿನಿಂದ ಎ. ಮಂಜು, ನೆರೆಯ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯಿಂದ ಎಚ್.ಟಿ. ಮಂಜು ಗೆದ್ದರು. ನನ್ನ ಮಟ್ಟಿಗೆ ಈ ಮೂವರಲ್ಲಿ ಎಂದೂ ಗೊಂದಲವಾಗದ ಹೆಸರು ಸಿಮೆಂಟಿನದೇ.

ಕ್ರೀಡೆ ಮತ್ತು ರಾಜಕೀಯ ಎರಡಕ್ಕೂ ಹರಡಿದ ಹೆಸರುಗಳಲ್ಲಿ ಚಂದ್ರಶೇಖರ್ ಸರಳವಾದುದು: 1971ರ ಓವಲ್ ಟೆಸ್ಟ್‌ನಲ್ಲಿ 38 ರನ್‌ಗಳಿಗೆ 6 ವಿಕೆಟ್ ಪಡೆದ ಬಿ.ಎಸ್. ಚಂದ್ರಶೇಖರ್ ಮೈಸೂರಿನವರು, 1990ರ ನವೆಂಬರ್‌ನಿಂದ 1991ರ ಜೂನ್‌ವರೆಗೆ ಪ್ರಧಾನಿಯಾಗಿದ್ದ ಚಂದ್ರಶೇಖರ್ ಉತ್ತರ ಪ್ರದೇಶದವರು. ವಿಶ್ವನಾಥ್ ಎಂಬಲ್ಲಿಯೂ ಹೀಗೆಯೇ. 91 ಟೆಸ್ಟ್ ಆಡಿದ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಬೇರೆ, ಮೇಲೆ ಹೇಳಿದ ಅಡಗೂರಿನ ವಿಶ್ವನಾಥ್ ಬೇರೆ. ನಿಜವಾದ ತೊಡಕು ಮನೋಜ್ ತಿವಾರಿ ಎಂಬ ಹೆಸರಿನಲ್ಲಿದೆ. ಒಬ್ಬರು ಭೋಜಪುರಿ ಗಾಯಕ ಮತ್ತು ನಟ, 2014ರಿಂದ ಈಶಾನ್ಯ ದೆಹಲಿಯ ಬಿಜೆಪಿ ಸಂಸದ. ಇನ್ನೊಬ್ಬರು ಬಂಗಾಳದ ಕ್ರಿಕೆಟಿಗ. 2011ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಏಕದಿನ ಶತಕ ಹೊಡೆದವರು, 2021ರಲ್ಲಿ ತೃಣಮೂಲ ಕಾಂಗ್ರೆಸ್‌ನಿಂದ ಶಿಬ್‌ಪುರದಲ್ಲಿ ಗೆದ್ದು ರಾಜ್ಯದ ಸಚಿವರೂ ಆದವರು. ಇಂಗ್ಲಿಷಿನಲ್ಲಿ ಇವರಿಬ್ಬರ ಕುಲನಾಮದ ಕೊನೆಯ ಅಕ್ಷರ ಬೇರೆಯಾಗಿರುತ್ತದೆ, ಒಬ್ಬರಿಗೆ ‘ಐ’, ಇನ್ನೊಬ್ಬರಿಗೆ ‘ವೈ’. ಕನ್ನಡದಲ್ಲಿ ಬರೆದೊಡನೆ ಆ ಭೇದ ಅಳಿಸಿಹೋಗುತ್ತದೆ. ಇಬ್ಬರೂ ರಾಜಕಾರಣಿಗಳಾಗಿರುವುದರಿಂದ ವೃತ್ತಿ ಹೇಳಿದರೂ ಬಗೆಹರಿಯದು, ರಾಜ್ಯವನ್ನೇ ಹೇಳಬೇಕು. ಅಜರುದ್ದೀನ್ ಹೆಸರಿನ ಕಥೆ ಇದಕ್ಕೆ ತಿರುಗುಮುರುಗು. 99 ಟೆಸ್ಟ್ ಆಡಿದವರೂ 2009ರಲ್ಲಿ ಮೊರಾದಾಬಾದಿನ ಸಂಸದರಾದವರೂ ಒಬ್ಬರೇ. 2021ರ ಜನವರಿಯಲ್ಲಿ ಮುಂಬೈ ವಿರುದ್ಧ 54 ಎಸೆತಗಳಲ್ಲಿ ಅಜೇಯ 137 ಹೊಡೆದ ಕೇರಳದ ವಿಕೆಟ್‌ಕೀಪರ್ ಮಾತ್ರ ಬೇರೆ, ಕಾಸರಗೋಡಿನ ಹುಡುಗ, ಆ ಹಿರಿಯ ಆಟಗಾರನ ಹೆಸರನ್ನೇ ಇಟ್ಟುಕೊಂಡವರು.

ಈ ಗೊಂದಲವನ್ನು ಕಾನೂನು ಕೂಡ ಬಹಳ ಹಿಂದೆಯೇ ಕಂಡುಕೊಂಡಿದೆ. ಇಬ್ಬರು ಅಥವಾ ಹೆಚ್ಚು ಅಭ್ಯರ್ಥಿಗಳಿಗೆ ಒಂದೇ ಹೆಸರಿದ್ದರೆ ಅವರ ಉದ್ಯೋಗವನ್ನೋ ವಾಸಸ್ಥಳವನ್ನೋ ಸೇರಿಸಿ, ಇಲ್ಲವೇ ಬೇರೆ ರೀತಿಯಿಂದ, ಪ್ರತ್ಯೇಕಿಸಿ ತೋರಿಸಬೇಕೆಂದು ಚುನಾವಣೆ ನಡೆಸುವ 1961ರ ನಿಯಮಗಳು ಹೇಳುತ್ತವೆ. 2015ರಲ್ಲಿ ಚುನಾವಣಾ ಆಯೋಗವು ಮತಪತ್ರದ ಮೇಲೆ ಅಭ್ಯರ್ಥಿಯ ಭಾವಚಿತ್ರವನ್ನೂ ಮುದ್ರಿಸಲು ಆದೇಶಿಸಿದ್ದು ಇದೇ ಕಾರಣಕ್ಕೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಜೊತೆಗೆ ಬೇರೆ ಸುಮಲತಾಗಳೂ ಕಣದಲ್ಲಿದ್ದುದನ್ನು ನೆನೆದರೆ ಭಾವಚಿತ್ರದ ಅಗತ್ಯ ಅರ್ಥವಾಗುತ್ತದೆ.

ಕೊನೆಯ ಹಾಳೆಯಲ್ಲಿ ಡೇವಿಡ್ ಜಾನ್ಸನ್ ಇದ್ದಾರೆ. ಈ ಹೆಸರಿನ ಒಬ್ಬರು 1846ರಿಂದ 1848ರವರೆಗೆ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಗವರ್ನರ್ ಆಗಿದ್ದರು, ಇನ್ನೊಬ್ಬರು ಲಿವರ್‌ಪೂಲ್ ತಂಡದಲ್ಲಿ ಫುಟ್‌ಬಾಲ್ ಆಡಿದರು. ನಮ್ಮವರು 1971ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿ, ಎರಡು ಟೆಸ್ಟ್ ಆಡಿ ಮೂರು ವಿಕೆಟ್ ಪಡೆದು, 2024ರಲ್ಲಿ ತೀರಿಕೊಂಡ ವೇಗದ ಬೌಲರ್. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರಿಗೆ ಅವಕಾಶ ದೊರೆತದ್ದು ಗಾಯಗೊಂಡಿದ್ದ ಶ್ರೀನಾಥ್ ಬದಲಿಗೆ. ಆ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಅವರ ಹೆಸರಿನ ಮುಂದಿರುವ ಜಾವಗಲ್ ಅರಸೀಕೆರೆ ತಾಲ್ಲೂಕಿನ ಊರು. ಜಾನ್ಸನ್ ಎಸೆತದಲ್ಲಿ ಸ್ಲೇಟರ್ ಕ್ಯಾಚನ್ನು ಸ್ಲಿಪ್‌ನಲ್ಲಿ ಹಿಡಿದವರು ಮೇಲೆ ಹೇಳಿದ ಹಿರಿಯ ಅಜರುದ್ದೀನ್. ಅದೇ ದೆಹಲಿಯಲ್ಲಿ ಆಗ ಪ್ರಧಾನಿಯಾಗಿದ್ದವರು ದೇವೇಗೌಡರು, ಎಚ್.ಡಿ., ‘ಡಿ’ ಎಂದರೆ ದೊಡ್ಡೇಗೌಡ.