ಹಿನ್ನೀರಿನ ದೋಣಿಯೂ ಕಣ್ಣಿಗೆ ಕಾಣದ ಒಂದು ಬಿಂದುವೂ

ಕೃಷ್ಣೆ, ಘಟಪ್ರಭೆ, ಮಲಪ್ರಭೆಯರ ದಂಡೆಯ ಊರುಗಳಲ್ಲಿ ದೋಣಿ ಮಗುಚಿ ಜೀವ ಹೋದಾಗ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ‘ಹೊಳಿ ಬಲಿ ಬೇಡಿತ್ತು, ತಗೊಂಡಿತು’ ಎಂಬುದು ಒಂದು. ‘ನಡುನೀರಿನ ಸುಳಿ ಎಳಕೊಂಡಿತು’ ಎಂಬುದು ಇನ್ನೊಂದು. ಹೊಳೆಗೆ ಬಾಗಿನ ಕೊಡುವುದಕ್ಕಾಗಲಿ, ದೋಣಿ ಹತ್ತುವ ಮುನ್ನ ಕಾಯಿ ಒಡೆಯುವುದಕ್ಕಾಗಲಿ ನನ್ನ ತಕರಾರಿಲ್ಲ. ಆದರೆ ‘ಬಲಿ’ ಎಂದು ಒಮ್ಮೆ ಹೇಳಿದ ಮೇಲೆ ದೋಣಿಯಲ್ಲಿ ಎಷ್ಟು ಜನರಿದ್ದರು, ಅವರಲ್ಲಿ ಎಷ್ಟು ಮಂದಿ ನಿಂತಿದ್ದರು, ದೋಣಿಯ ತಳದಲ್ಲಿ ಎಷ್ಟು ನೀರಿತ್ತು, ಗಾಳಿ ಯಾವ ದಿಕ್ಕಿನದು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಇವೇ, ಏಕೆಂದರೆ ದೋಣಿ ನೆಟ್ಟಗೆ ಉಳಿಯುವುದೋ ಮಗುಚುವುದೋ ಎಂಬುದು ಬಹುಮಟ್ಟಿಗೆ ಅದು ದಂಡೆ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ, ಮತ್ತು ಆ ತೀರ್ಮಾನವನ್ನು ಲೆಕ್ಕ ಹಾಕಿ ತೋರಿಸಬಹುದು.

ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ಆರ್ಕಿಮಿಡೀಸನ ನಿಯಮ ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಅದು ಮೊದಲನೆಯದನ್ನಷ್ಟೇ ಹೇಳುತ್ತದೆ. ದೋಣಿಯ ಮತ್ತು ಅದರಲ್ಲಿರುವವರ ಒಟ್ಟು ತೂಕ ಒಂದು ಬಿಂದುವಿನ ಮೂಲಕ ಕೆಳಕ್ಕೆ ಜಗ್ಗುತ್ತದೆ; ಅದು ಗುರುತ್ವ ಕೇಂದ್ರ. ನೀರು ಮೇಲಕ್ಕೆ ಒತ್ತುವುದು ಮುಳುಗಿದ ಭಾಗದ ನಡುವಿನ ಇನ್ನೊಂದು ಬಿಂದುವಿನ ಮೂಲಕ. ಅದು ತೇಲುವಿಕೆಯ ಕೇಂದ್ರ. ದೋಣಿ ಎಡಕ್ಕೆ ವಾಲಿತೆನ್ನಿ. ಯಾರೂ ಅಲುಗಾಡದಿದ್ದರೆ ಗುರುತ್ವ ಕೇಂದ್ರ ದೋಣಿಯಲ್ಲಿ ಇದ್ದಲ್ಲಿಯೇ ಇರುತ್ತದೆ. ಎಡಭಾಗ ಹೆಚ್ಚು ಮುಳುಗಿರುವುದರಿಂದ ತೇಲುವಿಕೆಯ ಕೇಂದ್ರ ಮಾತ್ರ ಎಡಕ್ಕೆ ಸರಿಯುತ್ತದೆ. ಸರಿದ ಆ ಬಿಂದುವಿನಿಂದ ನೇರ ಮೇಲಕ್ಕೊಂದು ಗೆರೆ ಎಳೆದರೆ ಅದು ದೋಣಿಯ ನಡುಗೆರೆಯನ್ನು ಎಲ್ಲಿ ಸಂಧಿಸುತ್ತದೆಯೋ ಅದೇ ಮೆಟಾಸೆಂಟರ್. ತೊಟ್ಟಿಲು ತೂಗುಬಿದ್ದ ಕೊಂಡಿ ಇದ್ದಂತೆ ಈ ಬಿಂದು: ತೂಕ ಕೊಂಡಿಯ ಕೆಳಗಿರುವಷ್ಟು ಹೊತ್ತು ತೊಟ್ಟಿಲು ಎಷ್ಟು ತೂಗಿದರೂ ನಡುವಿಗೇ ಮರಳುತ್ತದೆ, ತೂಕ ಕೊಂಡಿಗಿಂತ ಮೇಲೆ ಹೋದರೆ ಮರಳುವ ಮಾತೇ ಇಲ್ಲ.

ಈ ಬಿಂದುವನ್ನು ಗುರುತಿಸಿ ಹೆಸರಿಟ್ಟವನು ಫ್ರಾನ್ಸಿನ ಪಿಯೆರ್ ಬುಗೇರ್. ಭೂಮಿಯ ಆಕಾರವನ್ನು ಅಳೆಯಲು 1735ರಲ್ಲಿ ಹೊರಟ ತಂಡದೊಡನೆ ಅವನು ದಕ್ಷಿಣ ಅಮೆರಿಕೆಗೆ ಹೋದ; ಸಮುದ್ರದಿಂದ ಬಹಳ ಎತ್ತರದಲ್ಲಿ, ಇಂದಿನ ಈಕ್ವೆಡಾರ್ ದೇಶದ ಆಂಡೀಸ್ ಪರ್ವತಗಳ ನಡುವೆ ವರ್ಷಗಳನ್ನು ಕಳೆಯುತ್ತಲೇ ಹಡಗುಗಳ ಸ್ಥಿರತೆಯ ಗಣಿತವನ್ನೂ ಬೆಳೆಸಿದ. ಅವನ ಗ್ರಂಥ 1746ರಲ್ಲಿ ಹೊರಬಂತು. ಮೂರು ವರ್ಷಗಳ ಬಳಿಕ ಪ್ರಕಟವಾದ ತನ್ನ ಗ್ರಂಥದಲ್ಲಿ ಲಿಯೊನಾರ್ಡ್ ಆಯ್ಲರ್ ಬೇರೆ ದಾರಿಯಿಂದ ಇದೇ ನೆಲೆಗೆ ಬಂದಿದ್ದ. ಪರ್ವತದ ಚಳಿಯಲ್ಲಿ ಕುಳಿತು ಹಡಗಿನ ಬಗ್ಗೆ ಯೋಚಿಸಿದ ಆ ಮನುಷ್ಯನ ಲೆಕ್ಕ ಇಂದು ಬೀಳಗಿ ತಾಲ್ಲೂಕಿನ ಒಂದು ನಾಡದೋಣಿಗೂ ಒಂದಕ್ಷರ ಬದಲಾಗದೆ ಹೊಂದುತ್ತದೆ ಎಂಬುದು ನನಗೆ ಎಂದಿಗೂ ಹಳತಾಗದ ಬೆರಗು.

ಲೆಕ್ಕವನ್ನೇ ಹಾಕಿ ನೋಡೋಣ. ಚಪ್ಪಟೆ ತಳದ, ನೇರ ಬದಿಗಳ ಒಂದು ದೋಣಿ: ಉದ್ದ 5 ಮೀಟರ್, ಅಗಲ 1.2 ಮೀಟರ್, ಸ್ವಂತ ತೂಕ 200 ಕೆ.ಜಿ. ತಲಾ 60 ಕೆ.ಜಿ.ಯ 8 ಮಂದಿ ಅಡ್ಡಹಲಗೆಗಳ ಮೇಲೆ ಕುಳಿತರೆ ಅದು ನೀರಿನಲ್ಲಿ ಸುಮಾರು 11 ಸೆಂ.ಮೀ. ಮುಳುಗುತ್ತದೆ. ಆಗ ಮೆಟಾಸೆಂಟರ್ ತಳದಿಂದ 112 ಸೆಂ.ಮೀ. ಎತ್ತರದಲ್ಲಿಯೂ ಗುರುತ್ವ ಕೇಂದ್ರ ಸುಮಾರು 46 ಸೆಂ.ಮೀ. ಎತ್ತರದಲ್ಲಿಯೂ ಇರುತ್ತದೆ. ನಡುವಿನ 66 ಸೆಂ.ಮೀ. ಅಂತರವೇ ಆ ದೋಣಿಯ ಬಂಡವಾಳ. ಎಂಟೂ ಮಂದಿ ಎದ್ದು ನಿಂತರೆ ಗುರುತ್ವ ಕೇಂದ್ರ 78 ಸೆಂ.ಮೀ.ಗೆ ಏರಿ ಬಂಡವಾಳ ಅರ್ಧಕ್ಕಿಳಿಯುತ್ತದೆ, ಆದರೂ ದೋಣಿ ತಡೆದುಕೊಳ್ಳುತ್ತದೆ. ಈಗ ಅದೇ ದೋಣಿಗೆ 15 ಮಂದಿಯನ್ನು ಹತ್ತಿಸೋಣ. ಭಾರ ಹೆಚ್ಚಾದಂತೆ ದೋಣಿ ‘ಗಟ್ಟಿಯಾಗಿ ಕೂಡುತ್ತದೆ’ ಎಂದು ನಂಬಿದವರು ಬಹಳ. ನಡೆಯುವುದು ಅದರ ವಿರುದ್ಧ. ಮುಳುಗಿದ ಗಾತ್ರ ಹೆಚ್ಚಿದಷ್ಟೂ ಇಂಥ ದೋಣಿಯ ಮೆಟಾಸೆಂಟರ್ ಕೆಳಗಿಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು 112ರಿಂದ 75 ಸೆಂ.ಮೀ.ಗೆ ಬರುತ್ತದೆ. ಹದಿನೈದು ಮಂದಿ ಕುಳಿತೇ ಇದ್ದರೆ ಉಳಿಯುವ ಅಂತರ 25 ಸೆಂ.ಮೀ. ಎಲ್ಲರೂ ಎದ್ದರೆ ಗುರುತ್ವ ಕೇಂದ್ರ 86 ಸೆಂ.ಮೀ.ಗೆ ಹೋಗಿ ಮೆಟಾಸೆಂಟರನ್ನು ದಾಟಿಬಿಡುತ್ತದೆ. ಆಮೇಲೆ ಗಾಳಿಯೂ ಬೇಡ, ಅಲೆಯೂ ಬೇಡ.

ಎಲ್ಲರೂ ಒಟ್ಟಿಗೆ ಏಳುವುದು ಯಾವಾಗ? ದಂಡೆ ಕೈಗೆಟುಕುವಷ್ಟು ಹತ್ತಿರ ಬಂದಾಗ. ಚೀಲ ಹೆಗಲಿಗೇರಿಸಿ, ಮಕ್ಕಳ ಕೈ ಹಿಡಿದು, ಇಳಿಯುವ ಬದಿಗೆ ಎಲ್ಲರೂ ಸರಿಯುವ ಆ ಅರ್ಧ ನಿಮಿಷ ಇಡೀ ಪ್ರಯಾಣದಲ್ಲಿಯೇ ಹೆಚ್ಚು ಅಪಾಯದ್ದು. ‘ಏಳಬ್ಯಾಡ್ರೀ, ಒಬ್ಬೊಬ್ಬರs ಇಳೀರಿ, ಎರಡೂ ಬಾಜೂ ಸರಿ ಕೂಡ್ರಿ’ ಎಂದು ಗದರುವ ಅಂಬಿಗನಿಗೆ ಬುಗೇರನ ಹೆಸರು ಗೊತ್ತಿಲ್ಲದಿರಬಹುದು, ಆದರೆ ಅವನು ಹೇಳುತ್ತಿರುವುದು ಬುಗೇರನ ಶಾಸ್ತ್ರವನ್ನೇ. ಅವನ ಮಾತನ್ನು ಸಿಟ್ಟೆಂದು ತಿಳಿಯದೆ ಪಾಲಿಸಬೇಕು.

ಸ್ವೀಡನ್ನಿನ ರಾಜನಿಗಾಗಿ ಕಟ್ಟಿದ ವಾಸಾ ಎಂಬ ಯುದ್ಧನೌಕೆಯ ಕಥೆಯೂ ಇದೇ. ಹೊರಡುವ ಮುನ್ನ 30 ಮಂದಿಯನ್ನು ಅದರ ಅಟ್ಟದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷಿಸಿದರು. ಹಡಗು ಹೆದರಿಕೆ ಹುಟ್ಟಿಸುವಷ್ಟು ತೂಗಾಡಿದ್ದರಿಂದ ಪರೀಕ್ಷೆಯನ್ನೇ ನಿಲ್ಲಿಸಿದರು. ಹಡಗನ್ನು ಮಾತ್ರ ನಿಲ್ಲಿಸಲಿಲ್ಲ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನಿಂದ ಹೊರಟ ಅದು ಎರಡು ಕಿಲೋಮೀಟರನ್ನೂ ಸಾಗದೆ, ಸಾಧಾರಣ ಗಾಳಿಗೆ ವಾಲಿ, ತೆರೆದಿಟ್ಟ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ವಾಲುವುದಷ್ಟೇ ಹಡಗನ್ನು ಮುಳುಗಿಸುವುದಿಲ್ಲ; ವಾಲಿದಾಗ ನೀರು ತೆರೆದ ಅಂಚನ್ನು ಮುಟ್ಟುವುದು ಮುಳುಗಿಸುತ್ತದೆ. ನಾಡದೋಣಿಗೆ ಕಿಂಡಿಗಳಿಲ್ಲ, ಅದರ ಇಡೀ ಅಂಚೇ ತೆರೆದದ್ದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ದೋಣಿಯ ತಳದ ನೀರು. ಹಲಗೆಗಳ ಸಂದಿನಿಂದ ಜಿನುಗಿ, ಅಲೆಯಿಂದ ಚಿಮ್ಮಿ ಅದು ಸೇರುತ್ತಲೇ ಇರುತ್ತದೆ. ಬಾಯಿ ಕತ್ತರಿಸಿದ ಎಣ್ಣೆ ಕ್ಯಾನು ಅದರಲ್ಲಿಯೇ ತೇಲುತ್ತಿರುತ್ತದೆ, ಪ್ರಯಾಣಿಕರು ಚಪ್ಪಲಿ ಎತ್ತಿ ಹಲಗೆಯ ಮೇಲಿಟ್ಟುಕೊಂಡು ಸುಮ್ಮನಾಗುತ್ತಾರೆ. ನಮ್ಮ ಲೆಕ್ಕದ ದೋಣಿಯಲ್ಲಿ ಕೇವಲ 5 ಸೆಂ.ಮೀ. ನೀರು ನಿಂತರೂ ಅದರ ತೂಕ ಸುಮಾರು 270 ಕೆ.ಜಿ., ಅಂದರೆ ನಾಲ್ಕೂವರೆ ಮಂದಿಯಷ್ಟು. ತೂಕಕ್ಕಿಂತಲೂ ಕೆಟ್ಟದ್ದು ಅದರ ನಡವಳಿಕೆ. ದೋಣಿ ತುಸು ವಾಲಿದರೆ ಕುಳಿತ ಮನುಷ್ಯ ತನ್ನ ಜಾಗದಲ್ಲಿಯೇ ಇರುತ್ತಾನೆ, ನೀರು ಹಾಗಲ್ಲ; ವಾಲಿದ ಬದಿಗೇ ಹರಿದು ಆ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಎಂಟೇ ಮಂದಿ ಶಿಸ್ತಿನಿಂದ ಕುಳಿತಿದ್ದಾಗ ಇದ್ದ 66 ಸೆಂ.ಮೀ. ಬಂಡವಾಳ, ಗೋಡೆಯಿಂದ ಗೋಡೆಗೆ ಅಡೆತಡೆಯಿಲ್ಲದೆ ಹರಡಿದ ಈ 5 ಸೆಂ.ಮೀ. ನೀರಿನಿಂದ ಸೊನ್ನೆಗೂ ಕೆಳಗೆ ಹೋಗುತ್ತದೆ. ನೀರೆಲ್ಲ ಒಂದು ಬದಿಗೆ ಸೇರಿದ ಮೇಲೆ ಅದರ ಪರಿಣಾಮ ಮುಂದೆ ಬೆಳೆಯುವುದಿಲ್ಲ, ನಿಜ. ಆದರೆ ಅಷ್ಟರಲ್ಲಿ ದೋಣಿ ಒಂದು ಕಡೆಗೆ ವಾಲಿಯೇ ನಿಂತಿರುತ್ತದೆ, ಮುಂದಿನ ಅಲೆಗೆ ಅಂಚು ಸಿದ್ಧವಾಗಿರುತ್ತದೆ. ತಳದಲ್ಲಿ ಉದ್ದುದ್ದಕ್ಕೆ ಒಂದು ಹಲಗೆಯನ್ನು ನೀರು ದಾಟದಂತೆ ಭದ್ರವಾಗಿ ಕೂರಿಸಿ ಎರಡು ಪಾಲು ಮಾಡಿದರೆ ಈ ಹಾನಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಅಗಲದ ಘನ.

ಅಗಲದ ಘನ ನಮ್ಮ ಪರವಾಗಿಯೂ ದುಡಿಯುತ್ತದೆ. ದೋಣಿಯ ಅಗಲವನ್ನು ಹತ್ತನೆಯ ಒಂದಂಶ ಹೆಚ್ಚಿಸಿದರೆ ವಾಲದಂತೆ ಹಿಡಿಯುವ ಜ್ಯಾಮಿತಿಯ ಬಲ ಮೂರನೆಯ ಒಂದಂಶ ಹೆಚ್ಚುತ್ತದೆ. ಬುಟ್ಟಿಯಂತೆ ಕಾಣುವ ಹರಿಗೋಲನ್ನು ಕಂಡು ಹೊರಗಿನವರು ಹೆದರುತ್ತಾರೆ, ಗಣಿತ ಹೆದರುವುದಿಲ್ಲ. 2.4 ಮೀಟರ್ ಅಡ್ಡಳತೆಯ, ತಳ ಚಪ್ಪಟೆಯಾದ ಹರಿಗೋಲಿನಲ್ಲಿ ಎಂಟು ಮಂದಿ ಕುಳಿತರೆ ಮೆಟಾಸೆಂಟರ್ ಎರಡೂವರೆ ಮೀಟರಿಗೂ ಮೇಲಿರುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಒಳಗೆ ಬೆತ್ತ, ಹೊರಗೆ ತೊಗಲು ಹೊದಿಸಿದ ಈ ದುಂಡು ದೋಣಿಗಳಲ್ಲಿ 15–20 ಮಂದಿ ದಾಟುತ್ತಿದ್ದುದನ್ನೂ, ಅವು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದುದನ್ನೂ ಬರೆದಿದ್ದಾನೆ. ಹರಿಗೋಲಿನ ದೌರ್ಬಲ್ಯ ಇರುವುದು ಆ ಸುತ್ತುವಿಕೆಯಲ್ಲಿ ಮತ್ತು ತಗ್ಗಾದ ಅಂಚಿನಲ್ಲಿ: ಗಾಳಿಗೆ ಎದುರಾಗಿ ಅದನ್ನು ನಡೆಸುವುದು ಬಹಳ ಕಷ್ಟ. ಹರಿಯುವ ಹೊಳೆಗೆ ಅದು ಹೇಳಿ ಮಾಡಿಸಿದ್ದು, ಹಿನ್ನೀರಿಗಲ್ಲ.

ನಮ್ಮ ಸೀಮೆಯಲ್ಲಿ ಬದಲಾದದ್ದು ಇದೇ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಈಗ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಕೃಷ್ಣೆ ಹೊಳೆಯಾಗಿ ಉಳಿಯುವುದಿಲ್ಲ. ಕೊಲ್ಹಾರ–ಕೊರ್ತಿ ಸೇತುವೆಯ ಮೇಲೆ ನಿಂತವರಿಗೆ ಎರಡೂ ಬದಿಗೆ ಕಾಣುವುದು ಸರೋವರವೇ. ತಾತನ ಕಾಲದ ದೋಣಿ, ತಾತನ ಕಾಲದ ಧೈರ್ಯ ಎರಡೂ ಹಾಗೇ ಉಳಿದಿವೆ, ನೀರು ಮಾತ್ರ ಬೇರೆಯಾಗಿದೆ. ಗಾಳಿ ಎಬ್ಬಿಸುವ ಅಲೆಯ ಎತ್ತರ ಗಾಳಿಯ ವೇಗವನ್ನಷ್ಟೇ ಅಲ್ಲ, ಅದು ತಡೆಯಿಲ್ಲದೆ ನೀರಿನ ಮೇಲೆ ಓಡಿದ ದೂರವನ್ನೂ ಅವಲಂಬಿಸಿದೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ 300 ಮೀಟರ್ ಓಡಿದರೆ ಏಳುವುದು ಸುಮಾರು 9 ಸೆಂ.ಮೀ. ಅಲೆ, ಅದೇ ಗಾಳಿ 5 ಕಿ.ಮೀ. ಓಡಿದರೆ ಸುಮಾರು 36 ಸೆಂ.ಮೀ. ಇವು ಸರಾಸರಿಯ ಮಾತು, ಅವುಗಳ ನಡುವೆ ಇನ್ನೂ ಎತ್ತರದವು ಬರುತ್ತಿರುತ್ತವೆ. ಕೃಷ್ಣೆ ಇಲ್ಲಿ ಸ್ಥೂಲವಾಗಿ ಪಶ್ಚಿಮದಿಂದ ಪೂರ್ವಕ್ಕೆ ಚಾಚಿದೆ, ಮುಂಗಾರಿನ ಗಾಳಿಯೂ ಪಶ್ಚಿಮದ್ದೇ, ಜಲಾಶಯ ತುಂಬುವುದೂ ಆ ತಿಂಗಳುಗಳಲ್ಲಿಯೇ. ಹೀಗಾಗಿ ಗಾಳಿಗೆ ಹಿನ್ನೀರಿನ ಉದ್ದವೆಲ್ಲ ಓಡಲು ಸಿಗುತ್ತದೆ, ವಿಜಯಪುರದ ದಂಡೆಯಿಂದ ಬಾಗಲಕೋಟೆಯ ದಂಡೆಗೆ ದಾಟುವ ದೋಣಿಗೆ ಅಲೆ ಸರಿಯಾಗಿ ಪಕ್ಕೆಗೇ ಬಡಿಯುತ್ತದೆ. ಮೂತಿಯನ್ನು ಗಾಳಿಯ ಕಡೆಗೆ ಓರೆಯಾಗಿಟ್ಟು ಸುತ್ತುಹಾಕಿ ದಾಟುವುದು ಇದಕ್ಕಾಗಿ. ನಡುವೆ ಇಂಜಿನ್ ನಿಂತರೆ ದೋಣಿ ತಾನಾಗಿಯೇ ಅಲೆಗೆ ಅಡ್ಡಲಾಗಿ ತಿರುಗುತ್ತದೆ. ಆದ್ದರಿಂದ ಮೋಟರ್ ದೋಣಿಯಲ್ಲಿಯೂ ಹುಟ್ಟು ಇರಲೇಬೇಕು.

ಬೇಸಿಗೆಯ ಸಂಜೆ ಇನ್ನೂ ಮೋಸದ್ದು. ಏಪ್ರಿಲ್–ಮೇ ತಿಂಗಳ ಗುಡುಗುಮೋಡದಿಂದ ಕುಸಿದ ತಂಪು ಗಾಳಿ ಮಳೆಗಿಂತ ಮುಂಚೆ ಬಂದು ಅಪ್ಪಳಿಸುತ್ತದೆ. ವಿಜಯಪುರಕ್ಕೆ ನೀರು ತರುವ ಭೀಮೆಯ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ, 2024ರ ಮೇ 21ರ ಸಂಜೆ ಬಿರುಗಾಳಿಗೆ ಸಿಕ್ಕಿದ ದೋಣಿಯೊಂದು ಮುಳುಗಿ 6 ಮಂದಿ ತೀರಿಕೊಂಡರು. ಪಡುವಣದಲ್ಲಿ ಮೋಡ ಕಪ್ಪಾಗಿದ್ದರೆ ದಂಡೆಯಲ್ಲಿಯೇ ಕಾಯಬೇಕು.

ಸುಳಿಯ ಬಗ್ಗೆ ಒಂದು ಮಾತು. ನಡುಹಿನ್ನೀರಿನಲ್ಲಿ ದೋಣಿಯನ್ನು ನುಂಗುವ ಸುಳಿ ಇಲ್ಲ. ನಿಜವಾದ ಸುಳಿ ಇರುವುದು ಬ್ಯಾರೇಜುಗಳ ಬುಡದಲ್ಲಿ. ಜಮಖಂಡಿ ಕಡೆಯ ರೈತರು 1989ರಲ್ಲಿ ತಮ್ಮ ಹಣ, ತಮ್ಮ ಶ್ರಮದಿಂದಲೇ ಚಿಕ್ಕಪಡಸಲಗಿಯಲ್ಲಿ ಕಟ್ಟಿದ ಬ್ಯಾರೇಜು ನಾಡಿನ ಹೆಮ್ಮೆ. ಆದರೆ ಇಂಥ ಯಾವ ಅಡ್ಡಗೋಡೆಯ ಮೇಲಿಂದ ನೀರು ಉಕ್ಕಿ ಬಿದ್ದರೂ, ಬುಡದಲ್ಲಿ ಮೇಲ್ಪದರದ ನೀರು ಗೋಡೆಯ ಕಡೆಗೇ ಹಿಂದಿರುಗಿ ಉರುಳುತ್ತಿರುತ್ತದೆ. ಅಲ್ಲಿ ಸಿಕ್ಕ ದೋಣಿಯನ್ನಾಗಲಿ ಈಜುಗಾರನನ್ನಾಗಲಿ ಅದು ಬಿಟ್ಟುಕೊಡುವುದಿಲ್ಲ.

ಜೀವರಕ್ಷಕ ಜಾಕೆಟ್ ಈಜು ಬಾರದವರಿಗೆ ಮಾತ್ರ ಎಂಬ ಭಾವನೆಯನ್ನೂ ಬಿಡಬೇಕು. ಮನುಷ್ಯನ ದೇಹ ನೀರಿನಷ್ಟೇ ಸಾಂದ್ರತೆಯದ್ದು. ಮುಖ ನೀರಿನ ಮೇಲಿರಲು ಏಳೆಂಟು ಕೆ.ಜಿ.ಯಷ್ಟು ಎತ್ತುವ ಬಲ ಸಾಕು. ಬಿಗಿಯಾಗಿ ಮುಚ್ಚಿದ 10 ಲೀಟರಿನ ಖಾಲಿ ಕ್ಯಾನಿನಲ್ಲಿಯೂ ಅಷ್ಟು ಬಲವಿದೆ, ಆದರೆ ಅದು ಕೈ ಜಾರುತ್ತದೆ, ಮೈಗೆ ಕಟ್ಟಿದ ಜಾಕೆಟ್ ಜಾರುವುದಿಲ್ಲ. ಮಗುಚಿದ ಮರದ ದೋಣಿ ಸಾಮಾನ್ಯವಾಗಿ ತಳಕ್ಕಿಳಿಯದೆ ತೇಲುತ್ತಿರುತ್ತದೆ. ದೂರದ ದಂಡೆಗೆ ಈಜುವುದಕ್ಕಿಂತ ಅದನ್ನೇ ಹಿಡಿದಿರುವುದು ಲೇಸು.

ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ ಹಠ ಹಿಡಿದು ಹೋರಾಡಿದ್ದರಿಂದ 1876ರ ಕಾನೂನು ಹಡಗಿನ ಬದಿಗೆ ಭಾರದ ಗೆರೆಯನ್ನು ಕಡ್ಡಾಯಗೊಳಿಸಿತು. ನಮ್ಮ ದೋಣಿಗಳಿಗೂ ಅಂಥ ಗೆರೆ ಬೇಕು, ಅದಕ್ಕೆ ಒಂದು ಡಬ್ಬಿ ಬಿಳಿ ಬಣ್ಣ ಸಾಕು. ಮೇಲೆ ಹೇಳಿದ ಅಳತೆಯ ದೋಣಿ 60 ಕೆ.ಜಿ. ಭಾರಕ್ಕೆ ಸರಿಯಾಗಿ 1 ಸೆಂ.ಮೀ. ಇಳಿಯುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ, ತಳದ ನೀರನ್ನು ಪೂರ್ತಿ ತೆಗೆದು, ಎಂಟು ಮಂದಿಯನ್ನು ಕೂರಿಸಿ, ನೀರು ಮುಟ್ಟಿದಲ್ಲಿ ಎರಡೂ ಬದಿಗೆ ಗೆರೆ ಎಳೆಯಬೇಕು. ಒಂದು ಮೋಟರ್ ಸೈಕಲ್ ಹತ್ತಿಸಿದರೆ ಗೆರೆ 2 ಸೆಂ.ಮೀ. ಮುಳುಗುತ್ತದೆ, ಇಬ್ಬರು ಇಳಿದರೆ ಮತ್ತೆ ಮೇಲೆ ಬರುತ್ತದೆ. ತಳದಲ್ಲಿ ಸೇರಿದ ನೀರನ್ನೂ ಅದೇ ಗೆರೆ ಹೇಳುತ್ತದೆ.