ಊರಿನ ಬ್ಯಾಂಕಿನ ಷೇರು: ಅಭಿಮಾನಕ್ಕೋ, ಲೆಕ್ಕಕ್ಕೋ?

ಓದುಗರ ಪ್ರಶ್ನೆ: ಷೇರಿನ ಬಗ್ಗೆ ಚರ್ಚಿಸುವ ನಮ್ಮ ಬಳಗದಲ್ಲಿ ಒಬ್ಬರು, ‘ಡಿವಿಡೆಂಡ್ (ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಕೊಡುವ ನಮ್ಮೂರ ಬ್ಯಾಂಕಿನ ಷೇರು ಇದ್ದರೆ ಸಾಕು’ ಎನ್ನುತ್ತಾರೆ. ಇನ್ನೊಬ್ಬರು ಬೆಳೆಯುವ ಸಣ್ಣ ಕಂಪನಿಗಳನ್ನು ಹುಡುಕಿ ಎನ್ನುತ್ತಾರೆ. ಮೂರನೆಯವರು ಬೆಲೆ ಏರಿಳಿತದ ಚಾರ್ಟ್ ನೋಡಿ ಕೊಂಡು ನಾಲ್ಕು ದಿನದಲ್ಲಿ ಮಾರುತ್ತಾರೆ. ನಾನು ಯಾರ ಮಾತು ಕೇಳಲಿ? (ಉಡುಪಿಯ ಓದುಗರು)

ಉತ್ತರ: ಯಾವ ಷೇರು ಎಂದು ಕೇಳುವ ಮೊದಲು ಆ ಮೂವರನ್ನೂ ಒಂದು ಮಾತು ಕೇಳಿ. ಈ ಹಣ ನಿಮಗೆ ಯಾತಕ್ಕೆ ಬೇಕು, ಯಾವಾಗ ಬೇಕು? ಒಬ್ಬರಿಗೆ ನಿವೃತ್ತಿಯ ನಂತರ ವರ್ಷಕ್ಕೊಮ್ಮೆ ಕೈಗೆ ಬರುವ ಆದಾಯ ಬೇಕಾಗಿರುತ್ತದೆ, ಇನ್ನೊಬ್ಬರಿಗೆ ಹದಿನೈದು ವರ್ಷದ ನಂತರದ ಮಗಳ ಓದಿಗೆ ಬೇಕು. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಕಾರ್ಕಳಕ್ಕೆ ಹೋಗುವವರೂ ಪುತ್ತೂರಿಗೆ ಹೋಗುವವರೂ ‘ಯಾವ ಬಸ್ ಒಳ್ಳೆಯದು’ ಎಂದು ವಾದಿಸಿದರೆ ಅದು ಎಂದಿಗೂ ಮುಗಿಯುವುದಿಲ್ಲ. ಷೇರಿನ ಬಹುಪಾಲು ಜಗಳಗಳು ಇಂಥವೇ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಉದ್ದೇಶವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಅಭಿಮಾನ. ಇರಲೇಬೇಕು, ಏಕೆಂದರೆ ಬ್ಯಾಂಕ್ ಕಟ್ಟಿದ ನೆಲವಿದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಮನೆ ಬಾಗಿಲಿಗೆ ಬಂದು ಪಿಗ್ಮಿ ಸಂಗ್ರಹಿಸಿದ ಬ್ಯಾಂಕಿನ ಷೇರು ಕೊಳ್ಳುವಾಗ ಜನ ಲೆಕ್ಕ ಹಾಕಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ.

ಆದರೆ ಆ ಷೇರುಗಳಿಗೆ ಏನಾಯಿತು ನೋಡಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದೊಂದಿಗೆ ವಿಲೀನವಾದಾಗ ಪ್ರತಿ 1000 ಸಿಂಡಿಕೇಟ್ ಷೇರಿಗೆ ಸಿಕ್ಕಿದ್ದು 158 ಕೆನರಾ ಷೇರು. ನೂರು ಷೇರು ಇಟ್ಟುಕೊಂಡಿದ್ದವರ ಡಿಮ್ಯಾಟ್ ಖಾತೆಯಲ್ಲಿ ಉಳಿದದ್ದು ಹದಿನೈದು. ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿದ ಕಾರ್ಪೊರೇಷನ್ ಬ್ಯಾಂಕಿನ 1000 ಷೇರಿಗೆ 330 ಸಿಕ್ಕವು. ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದ ವಿಜಯಾ ಬ್ಯಾಂಕಿನ 1000 ಷೇರಿಗೆ 402.

ಸಂಖ್ಯೆ ಇಳಿಯಿತೆಂದು ಹಣವೂ ಅಷ್ಟೇ ಕರಗಿತೆಂದಲ್ಲ. ಕೆನರಾ ಷೇರಿನ ಬೆಲೆ ಸಿಂಡಿಕೇಟಿನದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಹಣ ಕರಗಿದ್ದು ಅದಕ್ಕೂ ಮೊದಲು, ಸದ್ದಿಲ್ಲದೆ. ವಸೂಲಾಗದ ಸಾಲಗಳಿಂದ ಸಿಂಡಿಕೇಟ್ 2015–16ರಲ್ಲಿ, ಮತ್ತೆ 2017–18ರಲ್ಲಿ ನಷ್ಟ ತೋರಿಸಿತು. ಬಂಡವಾಳ ತುಂಬಲು ಸರ್ಕಾರಕ್ಕೆ ಹೊಸ ಷೇರು ಕೊಟ್ಟಷ್ಟೂ ಹಳೆಯ ಷೇರುದಾರರ ಪಾಲು ತೆಳುವಾಯಿತು. ಇದೆಲ್ಲ ವಾರ್ಷಿಕ ವರದಿಯಲ್ಲಿತ್ತು. ಅಭಿಮಾನದಿಂದ ಕೊಂಡವರು ಆ ಪುಟ ತೆರೆಯಲಿಲ್ಲ, ನನ್ನ ಸಂಕಟ ಅಷ್ಟೇ. ವಿಜಯಾ ಬ್ಯಾಂಕಿನದು ಬೇರೆಯೇ ನೋವು: ಲಾಭದಲ್ಲಿದ್ದೂ ಅದು ವಿಲೀನವಾಯಿತು. ರಾಷ್ಟ್ರೀಕೃತ ಬ್ಯಾಂಕಿನ ವಿಲೀನವನ್ನು ಕೇಂದ್ರ ಸರ್ಕಾರ ನಿರ್ಧರಿಸುತ್ತದೆ, ಸಣ್ಣ ಷೇರುದಾರರ ಮತ ಕೇಳುವುದಿಲ್ಲ.

ಹಾಗಾದರೆ ಊರಿನ ಷೇರು ಬೇಡವೇ? ಬೇಕಾದರೆ ಕೊಳ್ಳಿ, ಆದರೆ ಪರವೂರಿನ ಬ್ಯಾಂಕಿಗೆ ಹಾಕುವ ಪ್ರಶ್ನೆಗಳನ್ನೇ ಅದಕ್ಕೂ ಹಾಕಿ. ನಿವ್ವಳ ಎನ್‌ಪಿಎ (ನಷ್ಟಕ್ಕೆಂದು ತೆಗೆದಿಟ್ಟ ಹಣ ಕಳೆದು ಉಳಿಯುವ ವಸೂಲಾಗದ ಸಾಲ) ಏರುತ್ತಿದೆಯೇ, ಇಳಿಯುತ್ತಿದೆಯೇ? ಉಳಿತಾಯ ಮತ್ತು ಚಾಲ್ತಿ ಖಾತೆಗಳ ಅಗ್ಗದ ಠೇವಣಿ ಎಷ್ಟು ಪಾಲು? ಷೇರಿನ ಬೆಲೆ ಪುಸ್ತಕ ಮೌಲ್ಯದ (ಬ್ಯಾಂಕಿನ ಆಸ್ತಿಯಿಂದ ಅದು ಕೊಡಬೇಕಾದದ್ದನ್ನೆಲ್ಲ ಕಳೆದು ಪ್ರತಿ ಷೇರಿಗೆ ಲೆಕ್ಕದಲ್ಲಿ ಉಳಿಯುವ ಮೊತ್ತ) ಎಷ್ಟು ಪಟ್ಟು? ಪುಸ್ತಕ ಮೌಲ್ಯಕ್ಕಿಂತ ಕಡಿಮೆಗೆ ಸಿಗುವ ಬ್ಯಾಂಕ್ ಷೇರನ್ನು ‘ಅಗ್ಗ’ ಎಂದು ಕೂಡಲೇ ಹಿಡಿಯಬೇಡಿ. ಆ ಪುಸ್ತಕದಲ್ಲಿರುವ ಸಾಲಗಳೆಲ್ಲ ಮರಳಿ ಬರುತ್ತವೆಂದು ಮಾರುಕಟ್ಟೆ ನಂಬುತ್ತಿಲ್ಲ ಎಂಬ ಸೂಚನೆಯೂ ಅದಾಗಿರಬಹುದು. ಡಿವಿಡೆಂಡ್ ನೆಚ್ಚಿಕೊಂಡವರು ಕಳೆದ ವರ್ಷದ್ದನ್ನು ಮಾತ್ರ ನೋಡದೆ ಕೆಟ್ಟ ವರ್ಷಗಳಲ್ಲಿ ಏನು ಕೊಟ್ಟಿದ್ದಾರೆಂದು ನೋಡಬೇಕು. ನಮ್ಮದೇ ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ 2019–20 ಮತ್ತು 2020–21ರಲ್ಲಿ ನಷ್ಟದಲ್ಲಿತ್ತು, ಮರುವರ್ಷವೇ ದೊಡ್ಡ ಲಾಭ ಮಾಡಿತು. ಕಚ್ಚಾತೈಲದ ಬೆಲೆ ಮತ್ತು ಸಂಸ್ಕರಣೆಯ ಮಾರ್ಜಿನ್‌ನೊಂದಿಗೆ ಏರಿಳಿಯುವ ಇಂಥ ಕಂಪನಿ ತಿಂಗಳ ಖರ್ಚಿಗೆ ಆದಾಯ ಬೇಕಾದವರಿಗೆ ಹೊಂದುವುದಿಲ್ಲ, ಎಷ್ಟೇ ಹತ್ತಿರದಲ್ಲಿದ್ದರೂ.

ಸಣ್ಣ ಕಂಪನಿ ಹುಡುಕುವವರ ದಾರಿ ಕಷ್ಟದ್ದು, ಆದರೆ ಪ್ರಾಮಾಣಿಕವಾದದ್ದು. ಹತ್ತು ಕಂಪನಿಗಳಲ್ಲಿ ಕೆಲವು ಮುಳುಗಿದರೂ ತಡೆದುಕೊಳ್ಳುವಷ್ಟು ಸಮಯ ಮತ್ತು ವರದಿ ಓದುವ ಅಭ್ಯಾಸ ಇದ್ದವರಿಗೆ ಅದು ಸಲ್ಲುತ್ತದೆ.

ಮೂರನೆಯವರ ವಿಷಯದಲ್ಲಿ ನಾನು ತಟಸ್ಥನಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನದ ಪ್ರಕಾರ 2022–23ರಲ್ಲಿ ನಗದು ವಿಭಾಗದಲ್ಲಿ, ಅಂದರೆ ನೇರವಾಗಿ ಷೇರುಗಳಲ್ಲೇ, ದಿನದ ವಹಿವಾಟು (ಕೊಂಡ ದಿನವೇ ಮಾರುವುದು) ನಡೆಸಿದ ಪ್ರತಿ ಹತ್ತು ವ್ಯಕ್ತಿಗಳಲ್ಲಿ ಏಳು ಮಂದಿ ಕಳೆದುಕೊಂಡರು. ಷೇರಿನ ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡಿಕೊಳ್ಳುವ ಫ್ಯೂಚರ್ಸ್–ಆಪ್ಷನ್ಸ್‌ನಲ್ಲಿ 2021–22ರಿಂದ ಮೂರು ವರ್ಷಗಳಲ್ಲಿ ಕಳೆದುಕೊಂಡವರು ಶೇ 93. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಾಲ್ಕು ದಿನ ಇಟ್ಟು ಮಾರುವುದು ಇವೆರಡಕ್ಕಿಂತ ನಿಧಾನ, ನಿಜ. ಆದರೂ ದಲ್ಲಾಳಿ ಶುಲ್ಕ, ವಹಿವಾಟು ತೆರಿಗೆ, ಅಲ್ಪಾವಧಿ ಲಾಭದ ಮೇಲಿನ ಶೇ 20 ತೆರಿಗೆ ಎಲ್ಲವನ್ನೂ ಕಳೆದು ಉಳಿದದ್ದರ ಇಡೀ ವರ್ಷದ ಲೆಕ್ಕ ತೋರಿಸಿ ಎಂದು ಕೇಳಿ. ಗೆದ್ದ ವಹಿವಾಟಿನ ಚಿತ್ರ ಮಾತ್ರ ಕಳಿಸಿದರೆ ಅದನ್ನು ಉತ್ತರವೆಂದು ಒಪ್ಪಬೇಡಿ. ಹಣ ಪಡೆದು ‘ಟಿಪ್ಸ್’ ಕೊಡುವವರಿದ್ದರೆ ಅವರ ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ನೀವೇ ಪರಿಶೀಲಿಸಿ.

ನೀವು ಏನು ಕೆಲಸ ಮಾಡುತ್ತೀರೆಂದು ಬರೆದಿಲ್ಲ. ಒಂದು ವೇಳೆ ಬ್ಯಾಂಕಿನಲ್ಲಿದ್ದರೆ ಇದನ್ನು ಗಮನಿಸಿ: ಸಂಬಳ, ಮನೆಸಾಲ, ಠೇವಣಿ, ಕೊನೆಗೆ ಷೇರೂ ಒಂದೇ ಬ್ಯಾಂಕಿನದಾದ ಕುಟುಂಬಗಳು ಮಣಿಪಾಲದಿಂದ ಮಂಗಳೂರಿನ ಕಂಕನಾಡಿಯವರೆಗೆ ಬೇಕಾದಷ್ಟಿವೆ. ಆ ಬ್ಯಾಂಕಿಗೆ ಕಷ್ಟ ಬಂದರೆ ಬಡ್ತಿಯೂ ನಿಲ್ಲುತ್ತದೆ, ಷೇರೂ ಬೀಳುತ್ತದೆ, ಎರಡೂ ಒಂದೇ ವರ್ಷದಲ್ಲಿ. ಅಂಥವರು ಊರಿನ ಷೇರನ್ನು ಒಟ್ಟು ಹೂಡಿಕೆಯ ಸಣ್ಣ ಪಾಲಾಗಿ ಇಟ್ಟುಕೊಂಡು, ಉಳಿದದ್ದನ್ನು ಷೇರುಪೇಟೆ ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೆಲ್ಲ ಹಣ ಹಾಕುವ ಸೂಚ್ಯಂಕ ನಿಧಿಯಂಥ ಹರಡಿದ ಹೂಡಿಕೆಗೆ ಹಾಕುವುದೇ ಲೇಸು.